ಹಳೆಯ ಮೋಟಾರಿನ ಮೂಲರೂಪ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕಡಲತೀರದಲ್ಲಿ ಪೆಬಲ್ ಬೀಚ್ ಎಂಬ ಊರಿದೆ. ಅಲ್ಲಿ 1950ನೆಯ ಇಸವಿಯಲ್ಲಿ ಆರಂಭವಾದ ಮೋಟಾರು ಕಾರುಗಳ ಸ್ಪರ್ಧೆಯೊಂದು ಇಂದು ಜಗತ್ಪ್ರಸಿದ್ಧವಾಗಿದೆ. ಇದು ಅಂದದ ಸ್ಪರ್ಧೆ. ಓಟಕ್ಕೆ ಇಲ್ಲಿ ಬೆಲೆಯಿಲ್ಲ. ನಾನಾ ದೇಶಗಳ ಸಂಗ್ರಾಹಕರು ತಮ್ಮ ಅಪೂರ್ವ ವಾಹನಗಳನ್ನು ಹಸಿರು ಹುಲ್ಲಿನ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ. ತೀರ್ಪುಗಾರರು ಒಂದೊಂದನ್ನೂ ಪರೀಕ್ಷಿಸಿ ಅತ್ಯುತ್ತಮವಾದುದನ್ನು ಆರಿಸುತ್ತಾರೆ. ದಶಕಗಳ ಕಾಲ ಅಗ್ರಪ್ರಶಸ್ತಿಯು, ಮುಖ ನೋಡಿಕೊಳ್ಳುವಷ್ಟು ಹೊಳಪುಳ್ಳ, ಕಾರ್ಖಾನೆಯಿಂದ ಅಂದೇ ಹೊರಬಂದಂತೆ ತೋರುವ ಕಾರುಗಳಿಗೆ ಸಲ್ಲುತ್ತಿದ್ದಿತು. 2024ರ ಆಗಸ್ಟ್ 18ರಂದು ಮಾತ್ರ ನೆರೆದವರು ಬೇರೊಂದು ನೋಟವನ್ನು ಕಂಡರು. ಅಂದು ಗೆದ್ದುದು 1934ರ ಬುಗಾಟಿ ಟೈಪ್ 59. ಪಂದ್ಯಗಳಲ್ಲಿ ಓಡಿ, ಅನಂತರ ಬೆಲ್ಜಿಯಮ್ಮಿನ ದೊರೆ ಮೂರನೆಯ ಲಿಯೋಪೋಲ್ಡನ ಕೈಸೇರಿ, ಅವನ ಇಚ್ಛೆಯಂತೆ ಕಪ್ಪು ಮೈಬಣ್ಣವನ್ನೂ ಹಳದಿಯ ಪಟ್ಟಿಯನ್ನೂ ಪಡೆದ ಕಾರು ಅದು. ಆ ಬಣ್ಣ ಈಗ ಮಾಸಿದೆ. ಮೈಮೇಲೆ ಕಾಲದ ಗುರುತುಗಳು ಎದ್ದು ಕಾಣುತ್ತವೆ. ಜೀರ್ಣೋದ್ಧಾರಕ್ಕೆ ಒಳಗಾಗದೆ ಉಳಿದುಬಂದ, ‘ಸಂರಕ್ಷಿತ’ ವರ್ಗದ ಕಾರೊಂದು ಆ ಸ್ಪರ್ಧೆಯಲ್ಲಿ ಅಗ್ರಪ್ರಶಸ್ತಿ ಪಡೆದುದು ಅದೇ ಮೊದಲು.

ಹೊಳೆಯುವ ನೂರಾರು ಕಾರುಗಳ ನಡುವೆ ಮಾಸಿದ ಕಾರೊಂದು ಗೆಲ್ಲುವುದೆಂದರೇನು? ಇದು ಕೇವಲ ಅಭಿರುಚಿಯ ಬದಲಾವಣೆಯೆಂದು ಯಾರಾದರೂ ಭಾವಿಸಬಹುದು. ಆದರೆ ಇದರ ಹಿಂದೆ ಭೌತ ರಸಾಯನ ಶಾಸ್ತ್ರಗಳಿಗೆ ಸಂಬಂಧಿಸಿದ ಗಂಭೀರವಾದ ವಿಚಾರವೊಂದಿದೆ. ಹಳೆಯ ವಸ್ತುವಿನ ಮೈಯಲ್ಲಿ ಯಾವ ಸಾಕ್ಷ್ಯ ಅಡಗಿದೆ, ಅದು ಹೇಗೆ ಅಳಿಯುತ್ತದೆ, ಅಳಿಯದಂತೆ ಮಾಡುವ ಬಗೆ ಯಾವುದು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಮೂಲರೂಪವೆಂದರೇನು?

ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಗಾಲಿಗಳ ಮೋಟಾರು ಗಾಡಿಗೆ ಏಕಸ್ವಾಮ್ಯ ಪತ್ರಕ್ಕಾಗಿ ಅರ್ಜಿ ಸಲ್ಲಿಸಿದುದು 1886ರ ಜನವರಿ 29ರಂದು. ಅಂದಿನಿಂದ ಇಂದಿನವರೆಗೆ ತಯಾರಾದ ಕಾರುಗಳಿಗೆ ಲೆಕ್ಕವಿಲ್ಲ. ಆದರೆ ಮೊದಲ ಐವತ್ತು ವರ್ಷಗಳ ಕಾರುಗಳಲ್ಲಿ ಉಳಿದುಬಂದವು ಅತ್ಯಲ್ಪ. ಬ್ರಿಟನ್ನಿನ ವಾಡಿಕೆಯಂತೆ 1919ರಿಂದ 1930ರವರೆಗಿನವುಗಳನ್ನು ‘ವಿಂಟೇಜ್’ ಕಾರುಗಳೆನ್ನುತ್ತಾರೆ. ಸಾಮಾನ್ಯ ಬಳಕೆಯಲ್ಲಿ ಆ ಹೆಸರು ಇನ್ನೂ ವಿಶಾಲವಾದ ಅರ್ಥವನ್ನು ಪಡೆದಿದೆ.

ಇಂಥ ಕಾರೊಂದು ಕೈಗೆ ಬಂದಾಗ ಒಡೆಯನ ಮುಂದೆ ಎರಡು ದಾರಿಗಳಿರುತ್ತವೆ. ಮೊದಲನೆಯದು ಜೀರ್ಣೋದ್ಧಾರ. ಹಳೆಯ ಬಣ್ಣವನ್ನು ಕೆರೆದು ತೆಗೆದು, ಮುರಿದ ಭಾಗಗಳಿಗೆ ಹೊಸವನ್ನು ಜೋಡಿಸಿ, ಚರ್ಮದ ಹೊದಿಕೆಯನ್ನು ಬದಲಿಸಿ, ಕಾರನ್ನು ‘ಹೊಸದರಂತೆ’ ಮಾಡುವುದು. ಎರಡನೆಯದು ಸಂರಕ್ಷಣೆ. ಕಾರು ಈಗ ಹೇಗಿದೆಯೋ ಹಾಗೆಯೇ, ಸವೆತ ಗೀರು ಕಲೆಗಳ ಸಮೇತ ಉಳಿಸಿ, ಇನ್ನು ಮುಂದೆ ಕೆಡದಂತೆ ತಡೆಯುವುದು. ‘ಯಾವ ವಸ್ತುವೂ ಒಮ್ಮೆ ಮಾತ್ರ ಮೂಲರೂಪದಲ್ಲಿರಬಲ್ಲುದು’ ಎಂಬುದು ಎರಡನೆಯ ಪಂಥದವರ ಮೂಲಮಂತ್ರ.

ನಮ್ಮ ನಾಡಿನ ಒಂದು ಉದಾಹರಣೆಯಿಂದ ಈ ಮಾತು ಸ್ಪಷ್ಟವಾದೀತು. ಊರ ಹೊರಗಿನ ಗುಡಿಯ ಮುಂದೆ ಮಳೆಗಾಳಿಗೆ ಸವೆದ ಶಿಲಾಶಾಸನವೊಂದಿದೆಯೆನ್ನೋಣ. ಭಕ್ತರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಕಲ್ಲುಕುಟಿಗನನ್ನು ಕರೆಸಿ, ಮಾಸಿದ ಅಕ್ಷರಗಳ ಮೇಲೆ ಉಳಿಯಾಡಿಸಿ, ಎಲ್ಲವನ್ನೂ ಸ್ಪಷ್ಟವಾಗಿ ಕೆತ್ತಿಸುತ್ತಾರೆ. ಶಾಸನವೇನೋ ಚೆನ್ನಾಗಿ ಕಾಣುತ್ತದೆ. ಆದರೆ ಮುಂದೆ ಬರುವ ವಿದ್ವಾಂಸನಿಗೆ ಅದು ನಿರುಪಯೋಗಿ. ಕುಟಿಗನು ತಪ್ಪಾಗಿ ಊಹಿಸಿದ ಅಕ್ಷರ ಯಾವುದು, ಹಳೆಯ ಲಿಪಿಕಾರನು ಕೆತ್ತಿದ ಅಕ್ಷರ ಯಾವುದು ಎಂದು ತಿಳಿಯುವ ಮಾರ್ಗ ಶಾಶ್ವತವಾಗಿ ಮುಚ್ಚಿಹೋಯಿತು. ಹಳೆಯ ಕಾರಿನ ಮೇಲೆ ಹೊಸ ಬಣ್ಣ ಬಳಿದಾಗಲೂ ಆಗುವುದು ಇದೇ.

ಬಣ್ಣದ ಪದರಗಳಲ್ಲಿ ಚರಿತ್ರೆ

ಹಾಗಾದರೆ ಕಾರಿನ ಹಳೆಯ ಬಣ್ಣದಲ್ಲಿ ಓದಬೇಕಾದುದೇನಿದೆ? ಮೊದಲ ಕಾಲದ ಕಾರುಗಳ ಮೈಯನ್ನು ಸಾರೋಟು ಕಟ್ಟುವವರೇ ತಯಾರಿಸುತ್ತಿದ್ದರು. ಎಣ್ಣೆಬಣ್ಣವನ್ನೂ ರಾಳದ ವಾರ್ನಿಷನ್ನೂ ಕುಂಚದಿಂದ ಪದರ ಪದರವಾಗಿ ಬಳಿದು, ಪ್ರತಿಯೊಂದು ಪದರವೂ ಒಣಗಿದ ಮೇಲೆ ಉಜ್ಜಿ ನಯಮಾಡಿ, ಮತ್ತೆ ಬಳಿಯುತ್ತಿದ್ದರು. ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗಬೇಕಾದುದರಿಂದ ಒಂದು ಕಾರಿನ ಬಣ್ಣದ ಕೆಲಸ ವಾರಗಟ್ಟಲೆ ಹಿಡಿಯುತ್ತಿದ್ದಿತು. 1923ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ‘ಡ್ಯೂಕೋ’ ಎಂಬ ಹೊಸ ಬಣ್ಣವನ್ನು ಜನರಲ್ ಮೋಟಾರ್ಸ್ ಸಂಸ್ಥೆಯ ಓಕ್‌ಲೆಂಡ್ ಕಾರುಗಳಿಗೆ ಬಳಸಲಾಯಿತು. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿದಾಗ ದೊರೆಯುವ ನೈಟ್ರೋಸೆಲ್ಯುಲೋಸ್ ಇದರ ಮೂಲವಸ್ತು. ದ್ರಾವಕವು ಆವಿಯಾದೊಡನೆ ಈ ಬಣ್ಣ ಕೆಲವೇ ಗಂಟೆಗಳಲ್ಲಿ ಒಣಗುತ್ತದೆ. ನಮ್ಮ ಊರುಗಳ ಬಡಗಿಗಳೂ ಬಣ್ಣಗಾರರೂ ಇಂದಿಗೂ ‘ಡ್ಯೂಕೋ ಪೇಂಟು’ ಎನ್ನುವುದನ್ನು ವಾಚಕರು ಕೇಳಿರಬಹುದು. ಆ ಹೆಸರಿನ ಮೂಲ ಇದು.

ಕಾರಿನ ಕಣ್ಣಿಗೆ ಬೀಳದ ಮೂಲೆಯಿಂದ ಸಾಸಿವೆ ಕಾಳಿನಷ್ಟು ಬಣ್ಣದ ಚಕ್ಕೆಯನ್ನು ತೆಗೆದು, ಅದರ ಅಂಚನ್ನು ನಯಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಮರದ ವರ್ಷವಲಯಗಳಂತೆ ಪದರಗಳು ಕಾಣುತ್ತವೆ. ಎಷ್ಟು ಸಲ ಬಣ್ಣ ಬಳಿದರು, ಯಾವ ಬಣ್ಣದ ಮೇಲೆ ಯಾವುದು ಬಂದಿತು, ನಡುವೆ ಧೂಳು ಕೂತ ಕಾಲವೆಷ್ಟಿತ್ತು ಎಂಬುದೆಲ್ಲವೂ ಅಲ್ಲಿ ಬರೆದಿಟ್ಟಂತಿರುತ್ತದೆ. ಅತಿನೇರಳೆ ಕಿರಣಗಳನ್ನು ಹಾಯಿಸಿದಾಗ ಹಳೆಯ ರಾಳದ ವಾರ್ನಿಷು ಹಳದಿ ಮಿಶ್ರಿತ ಹಸಿರಾಗಿ ಮಿನುಗುತ್ತದೆ. ಅನಂತರ ತೇಪೆ ಹಚ್ಚಿದ ಜಾಗಗಳು ಬೇರೆಯಾಗಿಯೇ ತೋರುತ್ತವೆ.

ಚಕ್ಕೆಯನ್ನು ಕೂಡ ತೆಗೆಯದೆ ಬಣ್ಣದಲ್ಲಿರುವ ಮೂಲವಸ್ತುಗಳನ್ನು ಗುರುತಿಸುವ ವಿಧಾನವೊಂದಿದೆ. ಬಣ್ಣದ ಮೇಲೆ ಕ್ಷ-ಕಿರಣಗಳನ್ನು ಬೀರಿದಾಗ ಅವು ಪರಮಾಣುವಿನ ಒಳಕವಚದ ಎಲೆಕ್ಟ್ರಾನನ್ನು ಹೊರದೂಡುತ್ತವೆ. ತೆರವಾದ ಸ್ಥಾನಕ್ಕೆ ಹೊರಕವಚದ ಎಲೆಕ್ಟ್ರಾನು ಇಳಿದುಬರುವಾಗ ಆ ಮೂಲವಸ್ತುವಿಗೇ ವಿಶಿಷ್ಟವಾದ ಕ್ಷ-ಕಿರಣವು ಹೊಮ್ಮುತ್ತದೆ. ಈ ಕಿರಣದ ಆವರ್ತನಾಂಕಕ್ಕೂ ಪರಮಾಣು ಸಂಖ್ಯೆಗೂ ಇರುವ ಸರಳ ಸಂಬಂಧವನ್ನು 1913ರಲ್ಲಿ ಕಂಡುಹಿಡಿದವನು ಇಂಗ್ಲೆಂಡಿನ ಯುವ ವಿಜ್ಞಾನಿ ಮೋಸ್ಲಿ. ಇದರಿಂದ ಸೀಸ, ಸತು, ಟೈಟೇನಿಯಮ್ ಮುಂತಾದವು ಬಣ್ಣದಲ್ಲಿವೆಯೆ ಎಂಬುದು ಕ್ಷಣಮಾತ್ರದಲ್ಲಿ ತಿಳಿಯುತ್ತದೆ. ಬಿಳಿಯ ಬಣ್ಣಕ್ಕಾಗಿ ಟೈಟೇನಿಯಮ್ ಆಕ್ಸೈಡನ್ನು ಕಾರ್ಖಾನೆಗಳಲ್ಲಿ ತಯಾರಿಸತೊಡಗಿದುದು 1916ರ ಸುಮಾರಿಗೆ. ಆದುದರಿಂದ 1905ರದೆಂದು ಹೇಳಲಾದ ಬಿಳಿಯ ಬಣ್ಣದಲ್ಲಿ ಅದು ಕಂಡುಬಂದರೆ, ಆ ಬಣ್ಣ ಅನಂತರದ್ದೆಂದು ನಿಶ್ಚಯವಾಗಿ ಹೇಳಬಹುದು. ಅದೇ ರೀತಿ, ಕಾರಿನ ದೀಪಗಳೂ ರೇಡಿಯೇಟರಿನ ಚೌಕಟ್ಟೂ ನೀಲಿಛಾಯೆಯ ಕ್ರೋಮಿಯಮ್ ಲೇಪ ಪಡೆದುದು 1920ರ ದಶಕದ ಉತ್ತರಾರ್ಧದಲ್ಲಿ. ಅದಕ್ಕೆ ಹಿಂದೆ ಇದ್ದವು ಹಿತ್ತಾಳೆ ಮತ್ತು ತುಸು ಹಳದಿಛಾಯೆಯ ನಿಕಲ್. 1912ರ ಕಾರೊಂದು ಕ್ರೋಮಿಯಮ್ಮಿನಿಂದ ಥಳಥಳಿಸುತ್ತಿದ್ದರೆ, ಯಾರೋ ಅದನ್ನು ಅದರ ಯೌವನಕ್ಕಿಂತಲೂ ಹೆಚ್ಚಾಗಿ ಸಿಂಗರಿಸಿದ್ದಾರೆಂದು ತಿಳಿಯಬೇಕು.

ಈ ಸಾಕ್ಷ್ಯವೆಲ್ಲ ಎಷ್ಟು ತೆಳುವಾದುದೆಂಬುದನ್ನು ಗಮನಿಸಿರಿ. ಬಣ್ಣದ ಒಟ್ಟು ದಪ್ಪ ಸಾಮಾನ್ಯವಾಗಿ ಮಿಲಿಮೀಟರಿನ ಒಂದೆರಡು ದಶಾಂಶಗಳನ್ನು ಮೀರದು. 0.15 ಮಿಲಿಮೀಟರು ದಪ್ಪದ ಬಣ್ಣವನ್ನು ಉಜ್ಜುಪುಡಿಯಿಂದ ಹೊಳಪುಗೊಳಿಸುವಾಗ ಪ್ರತಿ ಸಲವೂ 0.005 ಮಿಲಿಮೀಟರು ಸವೆಯುವುದೆಂದು ಭಾವಿಸಿದರೆ, ಮೂವತ್ತು ಸಲ ಉಜ್ಜಿದ ಮೇಲೆ ಲೋಹವೇ ಹೊರಗೆ ಕಾಣುತ್ತದೆ. ಪ್ರೀತಿಯಿಂದ ಉಜ್ಜುವ ಕೈಯೂ ಕಾರಿನ ಚರಿತ್ರೆಯನ್ನು ಅಳಿಸಬಲ್ಲುದು.

ಅಳಿಸಿದ ಅಂಕೆಗಳು

ಪ್ರತಿಯೊಂದು ಕಾರಿನ ಚಾಸಿಗೂ ಎಂಜಿನ್ನಿಗೂ ಕಾರ್ಖಾನೆಯವರು ಅಂಕೆಗಳನ್ನು ಒತ್ತಿರುತ್ತಾರೆ. ಅಪೂರ್ವ ಕಾರುಗಳ ಬೆಲೆ ಕೋಟಿಗಟ್ಟಲೆ ಏರಿದಾಗ, ಈ ಅಂಕೆಗಳನ್ನು ಅರದಿಂದ ಉಜ್ಜಿ ಬೇರೆ ಅಂಕೆಗಳನ್ನು ಒತ್ತುವ ವಂಚಕರೂ ಹುಟ್ಟಿಕೊಳ್ಳುತ್ತಾರೆ. ಇಲ್ಲಿ ಲೋಹವೇ ಸತ್ಯವನ್ನು ಹೇಳುತ್ತದೆ. ಉಕ್ಕಿನ ಅಚ್ಚನ್ನು ಸುತ್ತಿಗೆಯಿಂದ ಹೊಡೆದಾಗ, ಕಣ್ಣಿಗೆ ಕಾಣುವ ಗುಂಡಿಯ ಕೆಳಗೆ ಇನ್ನೂ ಆಳದವರೆಗೆ ಲೋಹದ ಹರಳುಗಳು ನಲುಗಿ ಸ್ಥಾನಪಲ್ಲಟ ಹೊಂದಿರುತ್ತವೆ. ಹೀಗೆ ನಲುಗಿದ ಹರಳುಗಳಲ್ಲಿ ಹೆಚ್ಚಿನ ಶಕ್ತಿ ಸಂಗ್ರಹವಾಗಿರುವುದರಿಂದ ಅವು ಆಮ್ಲಕ್ಕೆ ಬೇಗ ತುತ್ತಾಗುತ್ತವೆ. ಅಂಕೆಯನ್ನು ಉಜ್ಜಿದ ಜಾಗವನ್ನು ಕನ್ನಡಿಯಂತೆ ನಯಮಾಡಿ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತಾಮ್ರದ ಕ್ಲೋರೈಡನ್ನು ಕರಗಿಸಿದ ‘ಫ್ರೈ’ ದ್ರಾವಣವನ್ನು ಸವರಿದರೆ, ಮಾಯವಾದ ಅಂಕೆಗಳು ಮಸುಕಾಗಿ ಮತ್ತೆ ಮೂಡಬಹುದು. ಅಪರಾಧ ಪರಿಶೋಧನಾಲಯಗಳಲ್ಲಿ ಕದ್ದ ವಾಹನಗಳನ್ನೂ ಬಂದೂಕುಗಳನ್ನೂ ಪತ್ತೆಹಚ್ಚಲು ಬಳಸುವ ವಿಧಾನವೇ ಇದು. ಆದರೆ ಅರವು ಆ ನಲುಗಿದ ಪದರವನ್ನೂ ದಾಟಿ ಕೆಳಗಿಳಿದಿದ್ದರೆ ಯಾವ ದ್ರಾವಣವೂ ಫಲಕಾರಿಯಾಗದು.

ಯಾವುದು ಆ ಕಾರು?

ಭಾಗಗಳೆಲ್ಲ ಕ್ರಮೇಣ ಬದಲಾದ ಕಾರು ಅದೇ ಕಾರೆ? ನಮ್ಮ ಊರ ತೇರಿನ ಚಕ್ರಗಳು ಬದಲಾಗುತ್ತವೆ, ಅಚ್ಚುಗಳು ಬದಲಾಗುತ್ತವೆ. ಆದರೂ ತೇರು ಅದೇ ಎಂದು ನಾವು ಸಂಶಯವಿಲ್ಲದೆ ಹೇಳುತ್ತೇವೆ. ಮೋಟಾರು ಕಾರಿನ ವಿಷಯದಲ್ಲಿ ಈ ಪ್ರಶ್ನೆ ಇಂಗ್ಲೆಂಡಿನ ಉಚ್ಚ ನ್ಯಾಯಾಲಯದವರೆಗೂ ಹೋಯಿತು.

‘ಓಲ್ಡ್ ನಂಬರ್ ಒನ್’ ಎಂಬ ಹೆಸರಿನ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರು 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ ಪಂದ್ಯವನ್ನು ಎರಡು ಬಾರಿ ಗೆದ್ದಿತ್ತು. ಅನಂತರ ಅದನ್ನು ಪಂದ್ಯಗಳಿಗಾಗಿ ಮೇಲಿಂದ ಮೇಲೆ ಮಾರ್ಪಡಿಸಲಾಯಿತು. ಎಂಟು ಲೀಟರಿನ ಎಂಜಿನ್ನನ್ನು ಹೊತ್ತು 1932ರಲ್ಲಿ ಬ್ರೂಕ್‌ಲೆಂಡ್ಸ್ ಓಟದ ಪಥದಲ್ಲಿ ಓಡುತ್ತಿದ್ದಾಗ ಅಪಘಾತಕ್ಕೀಡಾಗಿ, ಚಾಲಕ ಕ್ಲೈವ್ ಡನ್‌ಫೀ ಮೃತನಾದನು. ಉಳಿದ ಕಾರಿಗೆ ಹೊಸ ಮೈಯನ್ನು ಕಟ್ಟಲಾಯಿತು. 1990ರಲ್ಲಿ ಅದರ ಒಡೆಯನು ಸುಮಾರು ಒಂದು ಕೋಟಿ ಪೌಂಡುಗಳಿಗೆ ಕಾರನ್ನು ಮಾರಲು ಒಪ್ಪಂದ ಮಾಡಿಕೊಂಡಾಗ, ಇದು ನಿಜವಾದ ‘ಓಲ್ಡ್ ನಂಬರ್ ಒನ್’ ಅಲ್ಲವೆಂದು ಹೇಳಿ ಕೊಳ್ಳುವವರು ಹಿಂದೆ ಸರಿದರು. ವ್ಯಾಜ್ಯದಲ್ಲಿ ಕಾರಿನ ಒಂದೊಂದು ಭಾಗದ ಚರಿತ್ರೆಯನ್ನೂ ಶೋಧಿಸಲಾಯಿತು. 1929ರಲ್ಲಿ ಲೆ ಮಾನ್‌ನಲ್ಲಿ ಓಡಿದ ಕಾರಿನ ಭಾಗಗಳಲ್ಲಿ ಸಣ್ಣಪುಟ್ಟ ಜೋಡಣೆಗಳ ಹೊರತು ಹೆಚ್ಚೇನೂ ಉಳಿದಿರಲಿಲ್ಲ. ಆದರೂ ನ್ಯಾಯಾಧೀಶ ಆಟನ್ ಅವರು, ಈ ಕಾರಿನ ಬದುಕು ಎಲ್ಲಿಯೂ ಕಡಿಯದೆ ಹರಿದುಬಂದಿದೆ, ಅದರ ಹೆಸರನ್ನು ಹೇಳಿಕೊಳ್ಳಬಲ್ಲ ಬೇರೊಂದು ಕಾರು ಜಗತ್ತಿನಲ್ಲಿಲ್ಲ ಎಂಬುದನ್ನು ಗಮನಿಸಿ, ಒಡೆಯನ ಪರವಾಗಿ ತೀರ್ಪಿತ್ತರು. ಇಲ್ಲಿ ಕಾರನ್ನು ಉಳಿಸಿದುದು ಅದರ ಅವಿಚ್ಛಿನ್ನವಾದ ದಾಖಲೆ. ಯಾವ ಭಾಗ ಯಾವಾಗ ಬದಲಾಯಿತೆಂಬ ಬರೆಹವಿಲ್ಲದಿದ್ದರೆ ವಾದವೇ ನಿಲ್ಲುತ್ತಿರಲಿಲ್ಲ.

ಕಬ್ಬಿಣದ ವೈರಿ

ಮಾನವನ ಅತ್ಯುತ್ಸಾಹದಿಂದ ಪಾರಾದ ಕಾರಿಗೆ ಪ್ರಕೃತಿಯ ವೈರಿಗಳು ಇದ್ದೇ ಇದ್ದಾರೆ. ಅವರಲ್ಲಿ ಮೊದಲಿಗನು ತುಕ್ಕು. ವಿದ್ಯಾರ್ಥಿಗಳು ಒಂದು ಸುಲಭ ಪ್ರಯೋಗವನ್ನು ಮಾಡಿ ನೋಡಬಹುದು. ಮೂರು ಗಾಜಿನ ಸೀಸೆಗಳಲ್ಲಿ ಒಂದೊಂದು ಕಬ್ಬಿಣದ ಮೊಳೆಯನ್ನು ಹಾಕಿರಿ. ಮೊದಲನೆಯದರಲ್ಲಿ ತೇವವನ್ನು ಹೀರುವ ಕ್ಯಾಲ್ಸಿಯಮ್ ಕ್ಲೋರೈಡನ್ನು ಇಟ್ಟು ಬಿಗಿಯಾಗಿ ಮುಚ್ಚಿರಿ. ಎರಡನೆಯದರಲ್ಲಿ ಚೆನ್ನಾಗಿ ಕುದಿಸಿ ಗಾಳಿಯನ್ನು ಹೊರಗೆಡಹಿದ ನೀರನ್ನು ತುಂಬಿ, ಮೇಲೆ ಎಣ್ಣೆಯ ಪದರವನ್ನು ಹರಡಿರಿ. ಮೂರನೆಯದರಲ್ಲಿ ಅರ್ಧ ಮುಳುಗುವಷ್ಟು ಸಾಧಾರಣ ನೀರನ್ನು ಹಾಕಿ ಬಾಯಿ ತೆರೆದಿಡಿರಿ. ಒಂದು ವಾರದ ಮೇಲೆ ತುಕ್ಕು ಹಿಡಿದಿರುವುದು ಮೂರನೆಯ ಮೊಳೆಗೆ ಮಾತ್ರ. ನೀರು ಮತ್ತು ಆಮ್ಲಜನಕ ಎರಡೂ ಕೂಡಿದಾಗಲೇ ಕಬ್ಬಿಣ ಕರಗಿ, ಜಲಯುಕ್ತ ಆಕ್ಸೈಡಾಗುತ್ತದೆ. ಇದು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ ಮೇಲಿನ ಬಣ್ಣವನ್ನು ಉಬ್ಬಿಸಿ ಸೀಳುತ್ತದೆ. ಸೀಳಿನಲ್ಲಿ ಇನ್ನಷ್ಟು ನೀರು ಒಳಸೇರುತ್ತದೆ.

ಇನ್ನೆರಡು ಮೊಳೆಗಳನ್ನು ತೆಗೆದುಕೊಂಡು ಒಂದಕ್ಕೆ ತಾಮ್ರದ ತಂತಿಯನ್ನೂ ಇನ್ನೊಂದಕ್ಕೆ ಸತುವಿನ ಪಟ್ಟಿಯನ್ನೂ ಬಿಗಿಯಾಗಿ ಸುತ್ತಿ ಉಪ್ಪುನೀರಿನಲ್ಲಿಡಿರಿ. ತಾಮ್ರದ ಸಂಗಡಿಗನಾದ ಮೊಳೆ ಬೇಗ ಕೆಡುತ್ತದೆ. ಸತುವಿನ ಜೊತೆಗಿರುವುದು ಹೆಚ್ಚು ಕಾಲ ಬಾಳುತ್ತದೆ, ಏಕೆಂದರೆ ಸತುವು ತಾನೇ ಕರಗಿ ಕಬ್ಬಿಣವನ್ನು ಕಾಯುತ್ತದೆ. ಎರಡು ಬೇರೆ ಬೇರೆ ಲೋಹಗಳು ತೇವದಲ್ಲಿ ತಾಗಿದೊಡನೆ ಅಲ್ಲೊಂದು ಪುಟ್ಟ ವಿದ್ಯುತ್ಕೋಶ ಏರ್ಪಡುವುದೇ ಇದರ ಕಾರಣ. 1920 ಮತ್ತು 1930ರ ದಶಕಗಳ ಅನೇಕ ಬೆಲೆಬಾಳುವ ಕಾರುಗಳಲ್ಲಿ ಉಕ್ಕಿನ ತಿರುಪುಗಳಿಂದ ಅಲ್ಯುಮಿನಿಯಮ್ ತಗಡನ್ನು ಬಿಗಿದಿರುತ್ತಾರೆ. ಅಲ್ಯುಮಿನಿಯಮ್ಮಿನ ಪ್ರಮಾಣ ವಿದ್ಯುದ್ವಿಭವ −1.66 ವೋಲ್ಟು, ಕಬ್ಬಿಣದ್ದು −0.44 ವೋಲ್ಟು. ಅಲ್ಯುಮಿನಿಯಮ್ಮಿನ ಮೈಮೇಲಿನ ಆಕ್ಸೈಡಿನ ತೆಳುಪರೆ ಅದನ್ನು ಬಹುಮಟ್ಟಿಗೆ ಕಾಪಾಡುತ್ತದೆ. ಆದರೆ ಕಡಲತಡಿಯ ಉಪ್ಪುಗಾಳಿ ಈ ಪರೆಯನ್ನು ಭೇದಿಸಬಲ್ಲುದು. ಆಗ ತಿರುಪಿನ ಸುತ್ತ ತಗಡು ಬಿಳಿಯ ಪುಡಿಯಾಗಿ ಉದುರುತ್ತದೆ.

ಹಿಡಿದ ತುಕ್ಕನ್ನು ಕೆರೆದು ತೆಗೆಯದೆಯೂ ಅದರ ಹರಡುವಿಕೆಯನ್ನು ನಿಧಾನಗೊಳಿಸಬಹುದು. ಟ್ಯಾನಿಕ್ ಆಮ್ಲದ ದ್ರಾವಣವನ್ನು ಸವರಿದಾಗ ತುಕ್ಕು ಕಪ್ಪಾದ ಸ್ಥಿರ ಸಂಯುಕ್ತವಾಗಿ ಮಾರ್ಪಡುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣವನ್ನು ಕೂಡಿಸಿ ಕಪ್ಪು ಮಸಿಯನ್ನು ಮಾಡುತ್ತಿದ್ದ ನಮ್ಮ ಹಿರಿಯರು ಬಳಸಿದ ರಾಸಾಯನಿಕ ಕ್ರಿಯೆಯೂ ಇದೇ ಬಗೆಯದು. ಇದರ ಮೇಲೆ ತೆಳುವಾಗಿ ಮೇಣವನ್ನು ಸವರುತ್ತಾರೆ. ಮೇಣವನ್ನು ಬೇಕೆಂದಾಗ ದ್ರಾವಕದಿಂದ ಒರಸಿ ತೆಗೆಯಬಹುದು. ಬಣ್ಣ ಬಳಿದರೆ ಹಾಗೆ ಹಿಂದಿರುಗುವಂತಿಲ್ಲ. ಸಂರಕ್ಷಕನು ತಾನು ಮಾಡುವ ಪ್ರತಿಯೊಂದು ಕೆಲಸದಲ್ಲಿಯೂ, ಮುಂದೊಂದು ದಿನ ಇದಕ್ಕಿಂತ ಉತ್ತಮವಾದ ಉಪಾಯ ದೊರೆತಾಗ ಇಂದಿನದನ್ನು ಹಿಂತೆಗೆಯಲು ಸಾಧ್ಯವೆ ಎಂದು ಮೊದಲು ಕೇಳಿಕೊಳ್ಳುತ್ತಾನೆ.

ಮರಕ್ಕೆ ಬೇಕು, ಕಬ್ಬಿಣಕ್ಕೆ ಬೇಡ

ಹಾಗಿದ್ದರೆ ಕಾರನ್ನು ಪೂರ್ತಿ ಒಣಗಿದ ಕೋಣೆಯಲ್ಲಿ ಇಟ್ಟುಬಿಟ್ಟರೆ ಸಾಕಲ್ಲವೆ? ಇಲ್ಲಿಯೇ ತೊಡಕು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 60ನ್ನು ಮೀರಿದಾಗ ಕಬ್ಬಿಣ ತುಕ್ಕು ಹಿಡಿಯುವ ವೇಗ ಬಹಳ ಹೆಚ್ಚುತ್ತದೆ. ಆರ್ದ್ರತೆ ಕಡಮೆಯಾದಷ್ಟೂ ಕಬ್ಬಿಣಕ್ಕೆ ಕ್ಷೇಮ. ಆದರೆ ಹಳೆಯ ಕಾರುಗಳ ತಗಡಿನ ಒಳಗೆ ಮರದ ಚೌಕಟ್ಟಿರುತ್ತದೆ. ಆಸನಗಳಿಗೆ ಚರ್ಮದ ಹೊದಿಕೆಯಿರುತ್ತದೆ. ಅತಿಯಾಗಿ ಒಣಗಿದ ಗಾಳಿಯಲ್ಲಿ ಮರ ಕುಗ್ಗಿ ಬಿರಿಯುತ್ತದೆ, ಸಂದುಗಳು ಸಡಿಲುತ್ತವೆ, ಚರ್ಮ ಸೆಟೆದು ಸೀಳುತ್ತದೆ. ಇವಕ್ಕೆ ಶೇಕಡಾ 45ರಿಂದ 55ರವರೆಗಿನ ಆರ್ದ್ರತೆ ಹಿತಕರ. ಆದುದರಿಂದ ಸಂಗ್ರಹಾಲಯದವರು ಶೇಕಡಾ 50ರ ಆಸುಪಾಸಿನಲ್ಲಿ ರಾಜಿ ಮಾಡಿಕೊಳ್ಳುತ್ತಾರೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಗಾಳಿ ಶೇಕಡಾ 90ನ್ನು ಮುಟ್ಟುವುದು ಸಾಮಾನ್ಯವೆಂಬುದನ್ನು ನೆನೆದರೆ ಈ ಕೆಲಸದ ಕಷ್ಟ ಅರಿವಾದೀತು.

ಉಷ್ಣತೆಯೂ ಏರಿಳಿಯಬಾರದು. ಎರಕದ ಕಬ್ಬಿಣದ ಎಂಜಿನ್ನು ರಾತ್ರಿಯಲ್ಲಿ ತಣ್ಣಗಾಗಿ, ಬೆಳಗ್ಗೆ ಬಹು ನಿಧಾನವಾಗಿ ಬೆಚ್ಚಗಾಗುತ್ತದೆ. ಸೂರ್ಯೋದಯದ ಮೇಲೆ ಬಿಸಿಯೇರಿದ ತೇವಗಾಳಿ ಈ ತಣ್ಣನೆಯ ಲೋಹವನ್ನು ಸೋಕಿದಾಗ, ತಂಬಿಗೆಯ ತಣ್ಣೀರಿನ ಹೊರಮೈ ಬೆವರುವಂತೆ, ಎಂಜಿನ್ನಿನ ಮೇಲೆ ಹನಿಗಳು ಮೂಡುತ್ತವೆ. ತಗಡಿನ ಕೊಟ್ಟಿಗೆಯಲ್ಲಿ ನಿಲ್ಲಿಸಿದ ಕಾರು ಮಳೆಗೆ ಸಿಕ್ಕದಿದ್ದರೂ ತುಕ್ಕು ಹಿಡಿಯುವುದು ಹೀಗೆ. ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆ ಈ ತೇವವನ್ನು ಒಳಗೇ ಬಂಧಿಸುವುದರಿಂದ ಇನ್ನಷ್ಟು ಅಪಾಯಕರ.

ರಬ್ಬರಿನ ಸ್ಥಿತಿಯೂ ಹಾಗೆಯೇ. ಗಾಳಿಯಲ್ಲಿರುವ ಅತ್ಯಲ್ಪ ಪ್ರಮಾಣದ ಓಜೋನು ರಬ್ಬರಿನ ಉದ್ದವಾದ ಅಣುಸರಪಳಿಗಳನ್ನು ದ್ವಿಬಂಧಗಳಿರುವಲ್ಲಿ ಕತ್ತರಿಸುತ್ತದೆ. ಎಳೆತಕ್ಕೆ ಸಿಕ್ಕಿದ ಕಡೆ ಬಿರುಕುಗಳು ಏಳುತ್ತವೆ. ಒಂದೇ ಭಂಗಿಯಲ್ಲಿ ವರ್ಷಗಟ್ಟಲೆ ನಿಂತ ಟೈರು ಚಪ್ಪಟೆಯಾಗುವುದರಿಂದ ಕಾರಿನ ಭಾರವನ್ನು ಕಂಬಗಳ ಮೇಲೆ ಹೊರಿಸುವುದು ಕ್ರಮ. ಪೆಟ್ರೋಲನ್ನು ತೊಟ್ಟಿಯಲ್ಲಿ ಬಿಟ್ಟರೆ ಹಗುರವಾದ ಅಂಶಗಳು ಆವಿಯಾಗಿ ಅಂಟು ಉಳಿಯುತ್ತದೆ. 2025ರ ಹೊತ್ತಿಗೆ ಭಾರತದಲ್ಲಿ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಗುರಿ ಈಡೇರಿದೆ. ಎಥನಾಲು ನೀರನ್ನು ಹೀರುವ ಗುಣವುಳ್ಳದ್ದು. ಹಳೆಯ ಕಾರುಗಳ ರಬ್ಬರಿನ ನಳಿಗೆಗಳನ್ನೂ ಕಾರ್ಬ್ಯುರೇಟರಿನ ಲೋಹವನ್ನೂ ತಯಾರಿಸಿದಾಗ ಇಂಥ ಇಂಧನದ ಕಲ್ಪನೆಯೇ ಇರಲಿಲ್ಲ. ಆದುದರಿಂದ ಸಂಗ್ರಾಹಕರು ದೀರ್ಘಕಾಲ ನಿಲ್ಲಿಸುವ ಕಾರಿನ ತೊಟ್ಟಿಯನ್ನು ಬರಿದುಮಾಡುತ್ತಾರೆ.

ಸರೋವರದಿಂದ ಮೇಲೆದ್ದ ಕಾರು

ಸಂರಕ್ಷಣೆಯ ತತ್ತ್ವವನ್ನು ಅದರ ಕೊನೆಯ ಎಲ್ಲೆಯವರೆಗೆ ಕೊಂಡೊಯ್ದ ನಿದರ್ಶನವೊಂದಿದೆ. ಇಟಲಿ ಮತ್ತು ಸ್ವಿಟ್ಜರ್ಲೆಂಡುಗಳ ಗಡಿಯಲ್ಲಿರುವ ಮಜೋರೆ ಸರೋವರಕ್ಕೆ, ಸುಂಕ ತೆರದ ಕಾರಣ, 1925ರ ಬುಗಾಟಿ ಬ್ರೆಸಿಯಾ ಕಾರೊಂದನ್ನು 1936ರಲ್ಲಿ ಇಳಿಬಿಡಲಾಯಿತು. ಅದನ್ನು ಕಟ್ಟಿದ್ದ ಸರಪಳಿ ತುಕ್ಕಿನಿಂದ ಕಡಿದು, ಕಾರು ಐವತ್ತು ಮೀಟರಿಗೂ ಹೆಚ್ಚು ಆಳದ ತಳವನ್ನು ಸೇರಿತು. 1967ರಲ್ಲಿ ಮುಳುಗುಗಾರನೊಬ್ಬನು ಅದನ್ನು ಕಂಡನು. 2009ರ ಜುಲೈ 12ರಂದು ಸ್ಥಳೀಯ ಮುಳುಗುಗಾರರು ಅದನ್ನು ಮೇಲೆತ್ತಿದರು. ಅದರ ಮಾರಾಟದ ಹಣ ದತ್ತಿಯೊಂದಕ್ಕೆ ಸಂದಿತು. 2010ರ ಜನವರಿಯಲ್ಲಿ ಪ್ಯಾರಿಸಿನ ಹರಾಜಿನಲ್ಲಿ ಅದು 2,60,500 ಯೂರೋಗಳಿಗೆ ಮಾರಾಟವಾಯಿತು.

ಎಪ್ಪತ್ತಮೂರು ವರ್ಷ ನೀರಿನಲ್ಲಿದ್ದ ಕಾರು ಪೂರ್ತಿಯಾಗಿ ಮಾಯವಾಗದೆ ಉಳಿದುದೇಕೆ? ಸರೋವರದ ನೀರು ಸಿಹಿನೀರಾದುದರಿಂದ ಅದರ ವಿದ್ಯುದ್ವಾಹಕತೆ ಸಮುದ್ರದ ನೀರಿಗಿಂತ ಬಹಳ ಕಡಮೆ. ಆಳದ ನೀರು ತಣ್ಣಗಿರುವುದರಿಂದ ರಾಸಾಯನಿಕ ಕ್ರಿಯೆಗಳು ನಿಧಾನ. ಕೆಸರಿನಲ್ಲಿ ಹೂತ ಪಕ್ಕಕ್ಕೆ ಆಮ್ಲಜನಕದ ಸೋಂಕು ಅತ್ಯಲ್ಪ. ನಮ್ಮ ಎರಡನೆಯ ಸೀಸೆಯ ಮೊಳೆಯ ಪಾಠವೇ ಇಲ್ಲಿ ದೊಡ್ಡ ಪ್ರಮಾಣದಲ್ಲಿ ಕಂಡುಬಂದಿತು.

ಅದನ್ನು ಕೊಂಡ ಅಮೆರಿಕದ ಸಂಗ್ರಾಹಕ ಪೀಟರ್ ಮಲಿನ್ ಮನಸ್ಸು ಮಾಡಿದ್ದರೆ ಹೊಸ ಭಾಗಗಳಿಂದ ಥಳಥಳಿಸುವ ಬುಗಾಟಿಯೊಂದನ್ನು ನಿಲ್ಲಿಸಬಹುದಿತ್ತು. ಆತನು ಹಾಗೆ ಮಾಡದೆ, ಅರ್ಧ ಕರಗಿದ ಆ ಅಸ್ಥಿಪಂಜರವನ್ನೇ ಆಕ್ಸ್‌ನಾರ್ಡ್ ನಗರದ ತನ್ನ ಸಂಗ್ರಹಾಲಯದಲ್ಲಿ ಇರಿಸಿದನು. ಆ ಸಂಗ್ರಹಾಲಯ 2024ರಲ್ಲಿ ಮುಚ್ಚಿತು. ಅಲ್ಲಿಯವರೆಗೆ ಬಂದ ಪ್ರೇಕ್ಷಕರು ದುರಸ್ತಿಯಾದ ಎಷ್ಟೋ ಬುಗಾಟಿಗಳ ನಡುವೆ ಈ ಕಾರಿನ ಮುಂದೆ ನಿಂತು, ನೀರು ಮತ್ತು ಕಾಲ ಕೂಡಿ ಮಾಡಿದ ಕೆಲಸವನ್ನು ಕಣ್ಣಾರೆ ನೋಡಬಹುದಾಗಿದ್ದಿತು.

ಓಡಿಸಬೇಕೆ, ನಿಲ್ಲಿಸಬೇಕೆ?

ಇಷ್ಟಾದರೂ ಜೀರ್ಣೋದ್ಧಾರವೇ ತಪ್ಪೆಂದು ಹೇಳುವುದು ನ್ಯಾಯವಲ್ಲ. ಕಾರು ಓಡುವುದಕ್ಕಾಗಿ ಹುಟ್ಟಿದ ಯಂತ್ರ. ಅದರ ಎಂಜಿನ್ನಿನ ಸದ್ದು, ಎಣ್ಣೆಯ ವಾಸನೆ, ತಿರುವಿನಲ್ಲಿ ಅದು ವಾಲುವ ರೀತಿ ಇವೂ ಅದರ ಚರಿತ್ರೆಯ ಅಂಗಗಳು. ಗಾಜಿನ ಗೋಡೆಯ ಹಿಂದೆ ನಿಂತ ಕಾರಿನಿಂದ ಇವನ್ನು ಕಲಿಯಲಾಗದು. ಓಡಿಸಬೇಕಾದರೆ ಸವೆದ ಬ್ರೇಕನ್ನೂ ಒಡೆದ ಟೈರನ್ನೂ ಬದಲಿಸಲೇಬೇಕು. ಮೂಲರೂಪದ ಮೋಹದಿಂದ ಮನುಷ್ಯನ ಪ್ರಾಣವನ್ನು ಪಣಕ್ಕೊಡ್ಡಲಾಗದು. ಗೆದ್ದಲು ತಿಂದು ಮೈ ಕುಸಿದ ಕಾರಿಗೆ ಹೊಸ ಚೌಕಟ್ಟಿನ ಆಸರೆ ಬೇಕೇಬೇಕು.

ಈ ಎರಡು ಹಕ್ಕುಗಳ ನಡುವೆ ಗೆರೆ ಎಳೆಯುವ ಪ್ರಯತ್ನವನ್ನು ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ಮಾಡಿದೆ. 1966ರಲ್ಲಿ ಸ್ಥಾಪಿತವಾದ ಈ ಒಕ್ಕೂಟವು 2013ರ ಜನವರಿಯಲ್ಲಿ ಅಂಗೀಕರಿಸಿದ ‘ಟುರಿನ್ ಸನ್ನದು’, ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ 1964ರಲ್ಲಿ ರಚಿತವಾದ ವೆನಿಸ್ ಸನ್ನದಿನ ದಾರಿಯಲ್ಲಿಯೇ ನಡೆಯುತ್ತದೆ. ಮಾಡುವ ಬದಲಾವಣೆ ಆದಷ್ಟು ಕಡಮೆಯಿರಲಿ, ಹೊಸದಾಗಿ ಜೋಡಿಸಿದುದನ್ನು ಗುರುತಿಸಲು ಬರುವಂತಿರಲಿ, ಮಾಡಿದುದೆಲ್ಲಕ್ಕೂ ದಾಖಲೆಯಿರಲಿ, ವಾಹನವು ತನ್ನ ಬಾಳಿನಲ್ಲಿ ಪಡೆದ ಮಾರ್ಪಾಟುಗಳಿಗೂ ಗೌರವವಿರಲಿ ಎಂಬುದು ಅದರ ಸಾರಾಂಶ. ಪೆಬಲ್ ಬೀಚಿನಲ್ಲಿ ಗೆದ್ದ ಕಾರಿಗೆ ದೊರೆ ಲಿಯೋಪೋಲ್ಡನು ಹಚ್ಚಿಸಿದ ಕಪ್ಪುಬಣ್ಣ ಕಾರ್ಖಾನೆಯದಲ್ಲ. ಆದರೂ ಅದನ್ನು ಕೆರೆಯದೆ ಉಳಿಸಿದುದು ಈ ಕೊನೆಯ ತತ್ತ್ವಕ್ಕೆ ಅನುಗುಣವಾಗಿದೆ.

ದಾಖಲೆಯ ಮಹತ್ತ್ವವನ್ನು ಅಮೆರಿಕದವರೂ ಅರಿತಿದ್ದಾರೆ. 2014ರಲ್ಲಿ ಅವರು ತಮ್ಮ ರಾಷ್ಟ್ರೀಯ ಐತಿಹಾಸಿಕ ವಾಹನಗಳ ಪಟ್ಟಿಯಲ್ಲಿ ಮೊಟ್ಟಮೊದಲು ಸೇರಿಸಿದುದು 1964ರ ಶೆಲ್ಬಿ ಕೋಬ್ರಾ ಡೇಟೋನಾ ಕಾರನ್ನು. ಅದರ ವಿವರಗಳನ್ನು ಅಲ್ಲಿಯ ಸಂಸತ್ತಿನ ಗ್ರಂಥಾಲಯದಲ್ಲಿ ಶಾಶ್ವತವಾಗಿ ಇರಿಸಲಾಗಿದೆ. ಈ ಕಾರು ಫಿಲಡೆಲ್ಫಿಯಾ ನಗರದಲ್ಲಿ, ನರರೋಗಗಳ ಶಸ್ತ್ರವೈದ್ಯರಾಗಿದ್ದ ಡಾಕ್ಟರ್ ಫ್ರೆಡರಿಕ್ ಸಿಮಿಯೋನ್ ಅವರು ಕಟ್ಟಿದ ಸಂಗ್ರಹಾಲಯದಲ್ಲಿದೆ. ಹಳೆಯ ಕಾರುಗಳ ಒಡೆಯನು ತಾನು ಕೇವಲ ಪಾಲಕನೆಂದು ತಿಳಿದಿರಬೇಕೆಂಬುದು ಅವರು ತಮ್ಮ ಬರೆಹಗಳಲ್ಲಿ ಸಾರಿದ ಮಾತಾಗಿತ್ತು.

ನಮ್ಮ ನಾಡಿನಲ್ಲಿ

ಭಾರತದಲ್ಲಿ ಅಪೂರ್ವ ಕಾರುಗಳು ಕಡಮೆಯೇನಿಲ್ಲ. ರಾಜಮಹಾರಾಜರು ತರಿಸಿದ ವಾಹನಗಳು ಅನೇಕ ಕಡೆ ಉಳಿದುಬಂದಿವೆ. ನಮ್ಮ ರಾಜ್ಯದ ವಿದ್ಯಾರ್ಥಿಗಳು ಧರ್ಮಸ್ಥಳದ ಕಾರುಗಳ ಸಂಗ್ರಹವನ್ನೂ, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿಯಿರುವ ‘ಪಯಣ’ ಸಂಗ್ರಹಾಲಯವನ್ನೂ ನೋಡಬಹುದು. ಕೇಂದ್ರ ಸರ್ಕಾರವು 2021ರ ಜುಲೈ ತಿಂಗಳಲ್ಲಿ ಪ್ರಕಟಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಚಾಸಿ, ಮೈ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಟು ಆಗಿರಬಾರದೆಂಬುದು ಮುಖ್ಯ ನಿಬಂಧನೆ. ಇಂಥ ವಾಹನದ ಸಂಖ್ಯಾಫಲಕದಲ್ಲಿ ರಾಜ್ಯದ ಸಂಕೇತದ ಮುಂದೆ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಪ್ರದರ್ಶನ, ರ‍್ಯಾಲಿ, ಸಂಶೋಧನೆ ಮುಂತಾದ ಸಂದರ್ಭಗಳಲ್ಲಿ ಅದನ್ನು ರಸ್ತೆಗೆ ತರಬಹುದು, ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಹೀಗೆ ಮೂಲರೂಪಕ್ಕೆ ಕಾನೂನಿನ ಮನ್ನಣೆಯೂ ದೊರೆತಿದೆ.

ಕಾನೂನಿಗಿಂತಲೂ ಅಗತ್ಯವಾದುದು ತಿಳಿವಳಿಕೆ. ನಿಮ್ಮ ಊರಿನ ಯಾವುದೋ ಮನೆಯ ಹಿತ್ತಿಲಲ್ಲಿ ಅಜ್ಜನ ಕಾಲದ ಕಾರೋ ಮೋಟಾರು ಸೈಕಲ್ಲೋ ಧೂಳು ಹಿಡಿದು ನಿಂತಿರಬಹುದು. ಅದನ್ನು ತೊಳೆದು ಬಣ್ಣ ಬಳಿಯುವ ಉತ್ಸಾಹ ಬಂದಾಗ ಸ್ವಲ್ಪ ತಡೆಯಿರಿ. ಮೊದಲು ಎಲ್ಲ ಕಡೆಗಳಿಂದಲೂ ಛಾಯಾಚಿತ್ರಗಳನ್ನು ತೆಗೆಯಿರಿ. ಚಾಸಿಯ ಮತ್ತು ಎಂಜಿನ್ನಿನ ಅಂಕೆಗಳನ್ನು ಬರೆದುಕೊಳ್ಳಿರಿ. ಹಳೆಯ ನೋಂದಣಿ ಪತ್ರ, ರಸೀತಿ, ಮನೆಯ ಹಿರಿಯರ ನೆನಪುಗಳನ್ನು ಒಂದೆಡೆ ಕೂಡಿಸಿರಿ. ಕಳಚಿದ ಭಾಗ ಎಷ್ಟೇ ಕೆಟ್ಟಿರಲಿ, ಬಿಸಾಡದೆ ಚೀಟಿ ಕಟ್ಟಿ ಇಡಿರಿ. ಇದಕ್ಕೆ ಹಣ ಬೇಕಿಲ್ಲ, ತಾಳ್ಮೆಯಿದ್ದರೆ ಸಾಕು.

ಬಿಸಿ ವಸ್ತುವಿನಿಂದ ತಣ್ಣನೆಯದಕ್ಕೆ ಹರಿದ ಶಾಖ ತಾನಾಗಿ ಹಿಂದಿರುಗದೆಂದು ಉಷ್ಣಗತಿಶಾಸ್ತ್ರದ ಎರಡನೆಯ ನಿಯಮ ಕಲಿಸುತ್ತದೆ. ಅಳಿಸಿಹೋದ ಸಾಕ್ಷ್ಯದ ಗತಿಯೂ ಅಷ್ಟೆ. ಕೆರೆದ ಬಣ್ಣದ ಬದಲು ಅದೇ ಛಾಯೆಯ ಹೊಸ ಬಣ್ಣವನ್ನು ಬಳಿಯಬಹುದು; ಆದರೆ 1934ರಲ್ಲಿ ಕೆಲಸಗಾರನೊಬ್ಬನ ಕುಂಚ ಎಳೆದ ಗೆರೆಯನ್ನು ಇಂದು ಯಾರೂ ಎಳೆಯಲಾರರು. ತುಕ್ಕನ್ನು ತಡೆಯುವ ವಿದ್ಯೆ ನಮಗೆ ಸಾಕಷ್ಟು ತಿಳಿದಿದೆ. ಹಳೆಯದನ್ನು ಕಂಡೊಡನೆ ಹೊಸದು ಮಾಡುವ ಕೈಯನ್ನು ತಡೆಯುವುದನ್ನೂ ಅದರೊಡನೆ ಕಲಿಯಬೇಕಾಗಿದೆ.